ಮುಂಜಾನೆಯ ಎರಡು ನಿಮಿಷದ ಗಾಳಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ತುಬಚಿಯಲ್ಲಿ ಕೋಳಿಗಿಂತ ಮೊದಲು ಲಾರಿಗಳು ಏಳುತ್ತವೆ. ರಾತ್ರಿಯಿಡೀ ಚಳಿಯಲ್ಲಿ ನಿಂತ ಗಾಡಿಯ ಕೀಲಿ ತಿರುಗಿಸಿದ ಕೂಡಲೇ ರೇಡಿಯೇಟರಿನ ಹಿಂದಿನ ಫ್ಯಾನು ಭೋರ್ ಎಂದು ಬೀಸತೊಡಗುತ್ತದೆ. ಎಂಜಿನ್ನಿನ ಸದ್ದೂ ಅದರಲ್ಲಿ ಮುಳುಗಿಹೋಗುತ್ತದೆ. ಒಂದೆರಡು ನಿಮಿಷ ಕಳೆದರೆ ಯಾರೂ ಮುಟ್ಟದೆಯೇ ಅದು ತಗ್ಗುತ್ತದೆ. ಫ್ಯಾನಿರುವುದು ಎಂಜಿನ್ನನ್ನು ತಂಪಾಗಿಡಲು. ಹಾಗಿದ್ದರೆ ಎಂಜಿನ್ನು ಕೊರೆಯುವಷ್ಟು ತಣ್ಣಗಿರುವಾಗ ಅದಕ್ಕೇಕೆ ಇಷ್ಟು ಆವೇಶ? ಎಂಜಿನ್ನು ಕಾಯಲು ಶುರುವಾದ ಮೇಲೆ ಏಕೆ ಮೆತ್ತಗಾಗುತ್ತದೆ?

ಕೃಷ್ಣಾ ತೀರದ ಎಂಜಿನ್ನುಗಳ ಚರಿತ್ರೆ ನನ್ನ ಸಂಶೋಧನೆಯ ವಿಷಯ. ಜಮಖಂಡಿ, ಮುಧೋಳ, ಬೀಳಗಿ ಭಾಗದ ಗ್ಯಾರೇಜುಗಳಲ್ಲಿ ಈ ಪ್ರಶ್ನೆ ಕೇಳುತ್ತ ಅಡ್ಡಾಡಿದ್ದೇನೆ. ‘ಚಳಿಗೆ ಗಾಡಿ ಬಿಗದಿರ್ತೈತ್ರಿ’ ಎಂದರು ಕೆಲವರು. ‘ಫ್ಯಾನ್ ಕ್ಲಚ್ ಕೆಟ್ಟೈತಿ’ ಎಂದರು ಹಲವರು. ಒಬ್ಬ ಹಿರಿಯ ಮೇಸ್ತ್ರಿ ಮಾತ್ರ ಕೈಯೊರೆಸಿಕೊಳ್ಳುತ್ತ ಹೇಳಿದರು: ‘ನೋಡ ತಮ್ಮಾ, ರಾತ್ರಿ ಕೆಳಗ ಮಲಗಿದ್ದ ಎಣ್ಣಿ ಎದ್ದು ತನ್ನ ಮನಿ ಸೇರೂತನಾ ಹಂಗ ಒದರತೈತಿ.’ ಆ ಒಂದು ಮಾತು ತಾಂತ್ರಿಕವಾಗಿ ಎಷ್ಟು ಸರಿ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಸೀಮೆಗೆ ಬಂದ ಮೊದಮೊದಲ ಎಂಜಿನ್ನುಗಳಿಗೆ ಫ್ಯಾನೇ ಬೇಕಿರಲಿಲ್ಲ. ಅವು ಹೊಳೆಯ ದಂಡೆಯಲ್ಲಿ, ಬಾವಿಯ ಕಟ್ಟೆಯಲ್ಲಿ ಕುಳಿತು ನೀರೆತ್ತುವ ಎಂಜಿನ್ನುಗಳು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಕಪಿಲೆಯ ಜಾಗಕ್ಕೆ ಬಂದ ಇಂಥ ಎಂಜಿನ್ನುಗಳಲ್ಲಿ ಪಂಪು ಎತ್ತಿದ ನೀರಿನಲ್ಲೇ ಒಂದು ಪಾಲನ್ನು ಸಣ್ಣ ಪೈಪಿನಲ್ಲಿ ಎಂಜಿನ್ನಿನ ಮೈಯೊಳಗೆ ಹಾಯಿಸಿ, ಬೆಚ್ಚಗಾದ ನೀರನ್ನು ಹೊಲದ ಕಾಲುವೆಗೇ ಬಿಡುತ್ತಿದ್ದರು. ಹೊಳೆಯೇ ಎಂಜಿನ್ನಿನ ರೇಡಿಯೇಟರ್. ನೀರು ಇರುವತನಕ ಕಾವಿನ ಚಿಂತೆಯಿಲ್ಲ.

ಚಕ್ರದ ಮೇಲೆ ಓಡುವ ಎಂಜಿನ್ನಿಗೆ ಈ ಭಾಗ್ಯವಿಲ್ಲ. ಅದು ತನ್ನ ನೀರನ್ನು ತಾನೇ ಹೊತ್ತುಕೊಂಡು, ಅದನ್ನೇ ಮತ್ತೆ ಮತ್ತೆ ತಣಿಸಿಕೊಳ್ಳಬೇಕು. 1900-01ರ ಹೊತ್ತಿಗೆ ವಿಲ್ಹೆಲ್ಮ್ ಮೇಬಾಕ್ ರೂಪಿಸಿದ 35 ಅಶ್ವಶಕ್ತಿಯ ಮರ್ಸಿಡೀಸ್ ಕಾರಿನಲ್ಲಿ ಜೇನುಹುಟ್ಟಿನಂಥ ರೇಡಿಯೇಟರ್ ಇತ್ತು, ಅದರ ಹಿಂದೆ ಒಂದು ಪುಟ್ಟ ಫ್ಯಾನಿತ್ತು. ಮುಂದೆ ದಶಕಗಳ ಕಾಲ ನಡೆದದ್ದು ಅದೇ ಪದ್ಧತಿ: ಎಂಜಿನ್ನು ತಿರುಗಿದಷ್ಟೂ ಬೆಲ್ಟು, ಬೆಲ್ಟು ತಿರುಗಿದಷ್ಟೂ ಫ್ಯಾನು. ಟಾಟಾ ಕಂಪನಿ ಡೈಮ್ಲರ್-ಬೆಂಜ್ ಜೊತೆಗೂಡಿ 1954ರಲ್ಲಿ ತಯಾರಿಸತೊಡಗಿದ ಲಾರಿಗಳು ನಮ್ಮ ಹೆದ್ದಾರಿಗಳನ್ನು ಆಳುತ್ತಿದ್ದ ಕಾಲದಲ್ಲೂ ಬೇಕೋ ಬೇಡವೋ ಕೇಳದೆ ಬೀಸುವ ಫ್ಯಾನೇ ರೂಢಿ.

ಬೇಡದ ಗಾಳಿಗೂ ಬೆಲೆಯಿದೆ. ಫ್ಯಾನಿನ ವೇಗ ಇಮ್ಮಡಿಯಾದರೆ ಅದನ್ನು ತಿರುಗಿಸಲು ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ದೊಡ್ಡ ಲಾರಿಯ ಫ್ಯಾನು ಪೂರ್ಣ ವೇಗದಲ್ಲಿ ಹತ್ತಾರು ಅಶ್ವಶಕ್ತಿಯನ್ನು ನುಂಗಬಲ್ಲದು. ಖಾಲಿ ರಸ್ತೆಯಲ್ಲಿ ಗಾಡಿ ಓಡುತ್ತಿರುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಆಗಲೂ ಫ್ಯಾನು ಬೀಸುತ್ತಿದ್ದರೆ ಅದು ಬರೀ ಸುಟ್ಟ ಡೀಸೆಲ್. ಹಾಗಾಗಿ ಎಂಜಿನ್ನನ್ನು ಹೇಗೆ ತಣಿಸುವುದು ಎಂಬ ಮೊದಲ ಪ್ರಶ್ನೆಯ ಬೆನ್ನಿಗೇ, ಯಾವಾಗ ತಣಿಸದೆ ಬಿಡುವುದು ಎಂಬ ಎರಡನೆಯ ಪ್ರಶ್ನೆ ಎದ್ದಿತು. ಉತ್ತರವಾಗಿ ಬಂದದ್ದು ನಮ್ಮ ಗ್ಯಾರೇಜುಗಳಲ್ಲಿ ‘ವಿಸ್ಕಸ್’ ಎಂದು ಕರೆಯುವ ಫ್ಯಾನ್ ಕ್ಲಚ್. ಎರಡನೆಯ ಮಹಾಯುದ್ಧದ ನಂತರ, ದೊಡ್ಡ ಎಂಜಿನ್ನುಗಳಿಗೂ ಏರ್ ಕಂಡಿಷನರ್ ಇರುವ ಕಾರುಗಳಿಗೂ ದೊಡ್ಡ ಫ್ಯಾನು ಬೇಕಾದಾಗ, ಅಮೆರಿಕದಲ್ಲಿ ಇದು ಬಳಕೆಗೆ ಬಂತು.

ಎರಡು ಹಳೆಯ ವಿದ್ಯೆಗಳು ಇದರಲ್ಲಿ ಕೂಡಿವೆ. ಒಂದು, ಸಿಲಿಕೋನ್ ಎಣ್ಣೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಕಿಪಿಂಗ್ ಎಂಬ ರಸಾಯನ ವಿಜ್ಞಾನಿ ಸಿಲಿಕಾನಿನ ಸಂಯುಕ್ತಗಳ ಮೇಲೆ ದಶಕಗಟ್ಟಲೆ ದುಡಿದ. ಅವುಗಳಿಂದ ದೊಡ್ಡ ಪ್ರಯೋಜನವಾದೀತೆಂಬ ಭರವಸೆ 1930ರ ದಶಕದಲ್ಲೂ ಅವನಿಗಿರಲಿಲ್ಲ. 1943ರಲ್ಲಿ ಡೌ ಕಾರ್ನಿಂಗ್ ಕಂಪನಿ ಯುದ್ಧದ ಅಗತ್ಯಕ್ಕಾಗಿ ಅದೇ ವಸ್ತುಗಳನ್ನು ಕಾರ್ಖಾನೆಯಲ್ಲಿ ಮಾಡತೊಡಗಿತು. ಸಾಮಾನ್ಯ ಎಣ್ಣೆ ಚಳಿಗೆ ಗಟ್ಟಿಯಾಗಿ ಬಿಸಿಲಿಗೆ ನೀರಾಗುತ್ತದೆ. ಸಿಲಿಕೋನ್ ಎಣ್ಣೆಯ ಅಂಟುತನ ಅಷ್ಟೊಂದು ಬದಲಾಗುವುದಿಲ್ಲ. ಇನ್ನೊಂದು, ಎರಡು ಲೋಹಗಳನ್ನು ಬೆಸೆದ ಪಟ್ಟಿ. ಎರಡೂ ಲೋಹಗಳು ಕಾವಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಜಾನ್ ಹ್ಯಾರಿಸನ್ ಸಮುದ್ರಯಾನದ ತನ್ನ ಮೂರನೆಯ ಗಡಿಯಾರಕ್ಕೆ ಇದನ್ನು ಅಳವಡಿಸಿದ್ದ, ಸೆಕೆಗೂ ಚಳಿಗೂ ಸಮಯ ತಪ್ಪಬಾರದೆಂದು. ಹಡಗಿನ ಗಡಿಯಾರದ ಆ ಪಟ್ಟಿಯ ವಂಶದ್ದೇ ಕಬ್ಬಿನ ಲಾರಿಯ ಫ್ಯಾನಿನ ಮೂತಿಯ ಮೇಲೆ ಸುರುಳಿ ಸುತ್ತಿಕೊಂಡು ಕುಳಿತಿದೆ.

ಇನ್ನು ಮೇಸ್ತ್ರಿಯ ಮಾತಿಗೆ ಬರೋಣ. ಕ್ಲಚ್ಚಿನ ಒಳಗೆ ಎಂಜಿನ್ನು ತಿರುಗಿಸುವ ಒಂದು ತಟ್ಟೆಯಿದೆ. ಅದರ ಸುತ್ತ, ರೆಕ್ಕೆಗಳನ್ನು ಹೊತ್ತ ಹೊರಕವಚವಿದೆ. ಎರಡರ ಮೈಮೇಲೂ ಒಂದರೊಳಗೊಂದು ಹೊಂದುವ ಗೀರುಗಳಿವೆ, ಆದರೆ ಒಂದಕ್ಕೊಂದು ತಾಗುವುದಿಲ್ಲ. ಆ ಸಂದಿಯಲ್ಲಿ ಎಣ್ಣೆಯಿದ್ದರೆ ಅದರ ಅಂಟುತನ ಹೊರಕವಚವನ್ನು ಎಳೆದು ತಿರುಗಿಸುತ್ತದೆ. ಎಣ್ಣೆಯಿಲ್ಲದಿದ್ದರೆ ಫ್ಯಾನು ಸೋಮಾರಿಯಂತೆ ನಿಧಾನವಾಗಿ ಸುತ್ತುತ್ತದೆ. ಎಣ್ಣೆಯ ‘ಮನೆ’ ಮುಂದಿನ ಇನ್ನೊಂದು ಕೋಣೆ. ರೇಡಿಯೇಟರನ್ನು ಹಾದು ಬಂದ ಗಾಳಿ ಬಿಸಿಯಾದಾಗ ಸುರುಳಿ ಪಟ್ಟಿ ತಿರುಚಿಕೊಂಡು ವಾಲ್ವ್ ತೆರೆಯುತ್ತದೆ, ಎಣ್ಣೆ ಗೀರುಗಳಿಗೆ ಹರಿದು ಫ್ಯಾನು ಹಿಡಿಯುತ್ತದೆ. ಗಾಳಿ ತಣ್ಣಗಾದಾಗ ವಾಲ್ವ್ ಮುಚ್ಚುತ್ತದೆ. ಗೀರುಗಳಲ್ಲಿ ಉಳಿದ ಎಣ್ಣೆಯನ್ನು ಅಂಚಿನಲ್ಲಿರುವ ಒಂದು ಸಣ್ಣ ತಡೆ ತಿರುಗುವ ವೇಗದಿಂದಲೇ ಒತ್ತಿ ಹಿಂದಿನ ದಾರಿಯಿಂದ ಮನೆಗೆ ಕಳಿಸುತ್ತದೆ.

ಗಮನಿಸಬೇಕಾದದ್ದು ಇಲ್ಲೇ. ಎಣ್ಣೆ ಮನೆಯಲ್ಲಿ ಉಳಿಯಬೇಕಾದರೆ ಕ್ಲಚ್ಚು ತಿರುಗುತ್ತಿರಬೇಕು. ಗಾಡಿ ನಿಂತ ಮೇಲೆ ಎಣ್ಣೆಗೆ ಉಳಿಯುವ ಒಡೆಯ ಭೂಮಿಯೊಂದೇ. ರಾತ್ರಿಯೆಲ್ಲ ಅದು ಹಿಂದಿರುಗುವ ದಾರಿಯಿಂದಲೇ ಇಳಿಜಾರಿಗೆ ಜಿನುಗಿ ಗೀರುಗಳ ಕೆಳಭಾಗದಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸಿದಾಗ ತಟ್ಟೆ ಎಣ್ಣೆಯಲ್ಲಿ ನಿಂತಿರುತ್ತದೆ. ಸುರುಳಿ ಪಟ್ಟಿ ‘ಬೇಡ’ ಎನ್ನುತ್ತಿದ್ದರೂ ಫ್ಯಾನು ಹಿಡಿದುಬಿಡುತ್ತದೆ. ಎಣ್ಣೆ ಮನೆಗೆ ಮರಳುವವರೆಗೆ ಆ ಭೋರ್ಗರೆತ. ಎಂಜಿನ್ನು ಬರೀ ಐಡಲಿನಲ್ಲಿದ್ದರೆ ಸ್ವಲ್ಪ ತಡ, ಗಾಡಿ ಹೊರಟರೆ ಬೇಗ. ಹೆಚ್ಚು ಹೊತ್ತು ನಿಂತ ಗಾಡಿ ಹೆಚ್ಚು ಒದರುವುದೂ ಇದಕ್ಕೇ.

ಹೀಗಾಗಿ ಬೆಳಗಿನ ಆ ಸದ್ದು ರೋಗವಲ್ಲ. ಒಳಗೆ ಎಣ್ಣೆ ಇನ್ನೂ ಇದೆ ಎಂಬುದಕ್ಕೆ ಅದು ಸಾಕ್ಷಿ. ಎಣ್ಣೆ ಇಳಿಯದಂತೆ ರೂಪಿಸಿದ ಕ್ಲಚ್ಚುಗಳೂ ಇವೆ, ಅವು ಅಷ್ಟು ಒದರುವುದಿಲ್ಲ. ಆದರೆ ವರ್ಷಗಟ್ಟಲೆ ಒದರಿದ ಫ್ಯಾನು ಒಂದು ದಿನ ಮೌನವಾಗಿ ಎದ್ದರೆ ಅಂಜಬೇಕು. ಎಣ್ಣೆ ಸೋರಿರಬಹುದು. ಕ್ಲಚ್ಚಿನ ಮೂತಿಯ ಮೇಲೆ ಧೂಳು ಅಂಟಿದ ಜಿಡ್ಡಿನ ಗೆರೆ ಕಂಡರೆ ಅನುಮಾನ ಬೇಡ. ಎರಡು ನಿಮಿಷ ಕಳೆದರೂ, ಗಾಡಿ ಊರು ದಾಟಿದರೂ ಸದ್ದು ಇಳಿಯದಿದ್ದರೆ ಆಗ ಕ್ಲಚ್ಚು ಬಿಗಿದಿದೆ ಎನ್ನಬಹುದು.

ಇಷ್ಟು ಗೊತ್ತಿದ್ದೂ ನಮ್ಮ ಭಾಗದಲ್ಲಿ ಅನೇಕ ಫ್ಯಾನುಗಳನ್ನು ‘ಡೈರೆಕ್ಟ್’ ಮಾಡಿಸುತ್ತಾರೆ. ಎಂದರೆ ಕ್ಲಚ್ಚಿಗೆ ಬೋಲ್ಟ್ ಜಡಿದು ಅಥವಾ ಬೆಸುಗೆ ಹಾಕಿ, ಫ್ಯಾನು ಸದಾ ಬೀಸುವಂತೆ ಮಾಡುವುದು. ಅರ್ಧ ಶತಮಾನದ ವಿದ್ಯೆಯನ್ನು ಒಂದು ಬೋಲ್ಟು ಹಿಂದಕ್ಕೆ ತಳ್ಳುತ್ತದೆ. ಇದನ್ನು ಅಜ್ಞಾನ ಎಂದು ಬರೆದು ಮುಗಿಸುವುದು ಸುಲಭ. ಆದರೆ ತುಬಚಿಯ ಚಾಲಕನೊಬ್ಬ ನನಗೆ ಕೊಟ್ಟ ಲೆಕ್ಕ ಬೇರೆಯದು. ‘ಡೀಸಲ್ ಮಾಲಕರದು ಸರ್. ಗಾಡಿ ಕಾದು ಹೆಡ್ ಹೋದ್ರ ಬೈಗಳ ನಂದು, ಪಗಾರದಾಗ ಹಿಡಿಯೂದೂ ನಂದು.’ ಕಬ್ಬಿನ ಲಾರಿ ಎದುರುಗಾಳಿ ಸಿಗುವಷ್ಟು ಓಡುವುದೇ ಅಪರೂಪ. ಹೊಲದ ಮಣ್ಣಿನಲ್ಲಿ ತುಂಬಿದ ಭಾರ ಎಳೆಯಬೇಕು, ಆಮೇಲೆ ಕಾರ್ಖಾನೆಯ ಗೇಟಿನ ಮುಂದೆ ಸಾಲಿನಲ್ಲಿ ಇಂಚಿಂಚು ಸರಿಯಬೇಕು. ಆಗ ಸೋತ ಕ್ಲಚ್ಚು ಎಂಜಿನ್ನನ್ನು ಸುಡಬಲ್ಲದು. ಸದಾ ಬೀಸುವ ಫ್ಯಾನು ಡೀಸೆಲ್ ತಿಂದರೂ ಆ ಭಯ ತೆಗೆಯುತ್ತದೆ. ಉಳಿತಾಯ ಒಬ್ಬನಿಗೆ, ಅಪಾಯ ಇನ್ನೊಬ್ಬನಿಗೆ ಎಂದಾದಾಗ ಅಪಾಯ ಹೊತ್ತವನು ಬೋಲ್ಟನ್ನೇ ನಂಬುತ್ತಾನೆ.

ಬ್ರಿಟಿಷ್ ಇತಿಹಾಸಕಾರ ಡೇವಿಡ್ ಎಡ್ಜರ್ಟನ್ ‘ದಿ ಶಾಕ್ ಆಫ್ ದಿ ಓಲ್ಡ್’ ಎಂಬ ಪುಸ್ತಕದಲ್ಲಿ, ತಂತ್ರಜ್ಞಾನದ ಚರಿತ್ರೆಯನ್ನು ಆವಿಷ್ಕಾರಗಳಿಂದ ಮಾತ್ರ ಅಳೆಯದೆ ಬಳಕೆಯಿಂದಲೂ ರಿಪೇರಿಯಿಂದಲೂ ಅಳೆಯಬೇಕೆಂದು ವಾದಿಸುತ್ತಾರೆ. ನಮ್ಮ ಸೀಮೆಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. 1989ರಲ್ಲಿ ಇದೇ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ, ಬೆವರು ಹಾಕಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು, ಶ್ರಮಬಿಂದು ಸಾಗರವೆಂದು ಕರೆದರು. ಅದು ನಮ್ಮ ಚರಿತ್ರೆಯಲ್ಲಿ ಸೇರಿದೆ. ಆ ನೀರಿನಿಂದ ಬೆಳೆದ ಕಬ್ಬನ್ನು ಕಾರ್ಖಾನೆಗೆ ಮುಟ್ಟಿಸಿದ ಗಾಡಿಗಳು, ಅವುಗಳ ಸದ್ದು ಓದಿದ ಕಿವಿಗಳು ಇನ್ನೂ ಸೇರಿಲ್ಲ.

ಈಗಿನ ಹೊಸ ಲಾರಿಗಳಲ್ಲಿ ಸುರುಳಿ ಪಟ್ಟಿಯ ಬದಲು ಎಂಜಿನ್ನಿನ ಕಂಪ್ಯೂಟರೇ ವಾಲ್ವ್ ತೆರೆದು ಮುಚ್ಚುವ ಕ್ಲಚ್ಚುಗಳು ಬರುತ್ತಿವೆ. ಒಳಗಿನ ಎಣ್ಣೆ ಮಾತ್ರ ಅದೇ. ನಿಂತ ಗಾಡಿಯಲ್ಲಿ ಅದು ಈಗಲೂ ಕೆಳಕ್ಕೇ ಇಳಿಯುತ್ತದೆ. ತಪ್ಪು ಸಂಕೇತ ಬಂದರೆ ಮುಟ್ಟುವ ಅಧಿಕಾರ ಮಾತ್ರ ಊರ ಮೇಸ್ತ್ರಿಗಿಲ್ಲ, ಲ್ಯಾಪ್‌ಟಾಪ್ ಇರುವ ವರ್ಕ್‌ಶಾಪಿಗೇ ಹೋಗಬೇಕು. ಮನೆ ಬಿಟ್ಟ ಎಣ್ಣೆ ಮನೆ ಸೇರುವ ಸದ್ದನ್ನು ಕೇಳಿ ಹೇಳಬಲ್ಲ ಹಿರಿಯರು ಗ್ಯಾರೇಜುಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಬರೆದಿಡಲು ಈ ಹಂಗಾಮೇ ತಕ್ಕ ಕಾಲ.