ಕೊಡಲಿಯ ಚಿಹ್ನೆ, ಕಬ್ಬಿಣದ ಪದ: ನಹುವಾತ್ಲ್ ಚಿತ್ರಲಿಪಿ ಮತ್ತು ಕೊಳ್ಳೇಗಾಲ ಸೀಮೆಯ ಲೋಹವಾಚಕಗಳು

1540ರ ದಶಕದಲ್ಲಿ ಸಿದ್ಧವಾದ ಕೋಡೆಕ್ಸ್ ಮೆಂಡೋಜಾದಲ್ಲಿ ತೆಪೊಸ್ತ್ಲಾನ್ ಎಂಬ ಊರನ್ನು ಬೆಟ್ಟದ ಮೇಲಿರಿಸಿದ ತಾಮ್ರದ ಕೊಡಲಿಯಿಂದ ಸೂಚಿಸಲಾಗಿದೆ. ಇದನ್ನು ಕೊಡಲಿಯೆಂದಷ್ಟೇ ನೋಡಿದರೆ ಊರಿನ ಹೆಸರು ದೊರೆಯದು. ತೆಪೊಸ್ತ್ಲಿ, ಎಂದರೆ ತಾಮ್ರ ಅಥವಾ ಲೋಹ, ಎಂಬ ಪದವಾಗಿ ಓದಬೇಕು. ಅದೇ ಗ್ರಂಥದ ಕಪ್ಪಕಾಣಿಕೆಯ ಪುಟಗಳಲ್ಲಿ ಕೊಡಲಿಯ ಜೊತೆ ಬಾವುಟಗಳಿರುತ್ತವೆ. ಬಾವುಟವೊಂದಕ್ಕೆ 20ರಂತೆ ಐದು ಬಾವುಟಗಳು ನೂರನ್ನು ಹೇಳುತ್ತವೆ. ಅಲ್ಲಿ ಕೊಡಲಿಯು ಕೊಡಲಿಯೇ. ಒಂದೇ ರೇಖಾಕೃತಿಗೆ ಎರಡು ಕರ್ತವ್ಯಗಳಿರುವುದರಿಂದ, ಉಪಕರಣಗಳ ಚಿತ್ರಗಳನ್ನು ಎಣಿಸಿ ತಾಂತ್ರಿಕ ಇತಿಹಾಸ ಬರೆಯುವವರು ಊರ ಹೆಸರುಗಳನ್ನು ಮೊದಲು ಬೇರ್ಪಡಿಸಬೇಕೆಂಬುದು ನಮ್ಮ ನಿಲುವು.

ಸ್ಪೇನಿನವರು ಕಬ್ಬಿಣವನ್ನು ತಂದಾಗ ನಹುವಾತ್ಲ್ ಭಾಷಿಕರು ಹೊಸ ಧಾತುವನ್ನು ಹುಡುಕಲಿಲ್ಲ. 1571ರಲ್ಲಿ ಮುದ್ರಣಗೊಂಡ ಮೊಲಿನಾರ ನಿಘಂಟಿನಲ್ಲಿ ಕಬ್ಬಿಣವು ತ್ಲಿಲ್ತಿಕ್ ತೆಪೊಸ್ತ್ಲಿ, ಅಂದರೆ ಕರಿಯ ಲೋಹ. ತಾಮ್ರವು ಚಿಚಿಲ್ತಿಕ್ ತೆಪೊಸ್ತ್ಲಿ, ಕೆಂಪು ಲೋಹ. ಹಳೆಯ ಲೋಹವೇ ವಿಶೇಷಣವನ್ನು ಹೊರಬೇಕಾಯಿತು.

ಕನ್ನಡದ ಓದುಗರಿಗೆ ಇದು ಅಪರಿಚಿತವೆನಿಸದು. ಕಬ್ಬಿಣದ ಹಳೆಯ ರೂಪವಾದ ಕರ್ಬುನದಲ್ಲಿ ಕರಿದನ್ನು ಹೇಳುವ ‘ಕರ್’ ಹಾಗೂ ‘ಪೊನ್’ ಅಡಗಿವೆ. ಪೊನ್ ಎಂದರೆ ಚಿನ್ನವೆಂಬ ಅರ್ಥವೊಂದನ್ನೇ ಹಿಡಿದರೆ ಈ ಸಮಾಸ ವಿಚಿತ್ರವಾಗುತ್ತದೆ; ಲೋಹವೆಂಬ ಅರ್ಥದಿಂದ ತಿಳಿಯಾಗುತ್ತದೆ. ಚೆಂಬಿನಲ್ಲಿ ಕೆಂಪಿನ ಧಾತುವಿದೆಯಾದರೂ ಇಂದು ಅದು ನೀರಿನ ಪಾತ್ರೆ ಮಾತ್ರ: ವಸ್ತುದ್ರವ್ಯದಿಂದ ಆಕಾರಕ್ಕೆ ಸರಿದ ಪದ. ತೆಪೊಸ್ತ್ಲಾನಿನ ಚಿಹ್ನೆ ನಡೆದದ್ದು ಆಕಾರದಿಂದ ದ್ರವ್ಯದ ಕಡೆಗೆ. ಹಾಗೆಂದು ಬಣ್ಣದ ಸಮಾಸವನ್ನು ಸಾರ್ವತ್ರಿಕವೆನ್ನಲಾಗದು. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ನೆಲೆಸಿರುವ ಟಿಬೆಟನ್ನರ ಭಾಷೆಯಲ್ಲಿ ಕಬ್ಬಿಣ, ತಾಮ್ರ, ಚಿನ್ನ ಮೂರಕ್ಕೂ ಬಿಡಿ ಪದಗಳೇ ಇವೆ.

ಅದೇ ಸೀಮೆಯ ಚಿಕ್ಕಲ್ಲೂರು ಸಿದ್ಧಪ್ಪಾಜಿಯ ಕ್ಷೇತ್ರ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಆತ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಲು ಹೋಗುತ್ತಾನೆ. ಬೇಡುವುದು ಕುಡುಗೋಲನ್ನಲ್ಲ, ಕೊಡಲಿಯನ್ನಲ್ಲ, ಕಬ್ಬಿಣವನ್ನು. ಹಾಡುವ ನಾಲಗೆಗೆ ಆಕಾರವಿಲ್ಲದ ಲೋಹವನ್ನು ಹೆಸರಿಸುವುದು ಸುಲಭ. ಮೆಕ್ಸಿಕೋದ ಚಿತ್ರಲೇಖಕನಿಗೆ ಚಿನ್ನಕ್ಕಾದರೂ ಪ್ರತ್ಯೇಕವಾದ ದುಂಡು ಚಿಹ್ನೆಯಿತ್ತು. ತಾಮ್ರವನ್ನು ಹೇಳಬೇಕಾದಾಗ ಆತ ಕೊಡಲಿಯನ್ನೋ ಗಂಟೆಯನ್ನೋ ಬರೆದನು.