ಕೆರೆಯ ಹೊಣೆ: ದಾನ, ತೆರಿಗೆ ಮತ್ತು ಊರೊಟ್ಟಿನ ಕೆಲಸ

ಬಯಲುಸೀಮೆಯಲ್ಲಿ ಕೆರೆಯೊಂದನ್ನು ಕಟ್ಟಿಸಲು ಒಬ್ಬ ದಾನಿ ಸಾಕಾಗುತ್ತಿದ್ದರೂ, ಅದನ್ನು ಉಳಿಸಿಕೊಳ್ಳಲು ಪ್ರತಿ ವರ್ಷವೂ ಯಾರಾದರೂ ಏರಿಯ ಮೇಲೆ ಬೆಳೆದ ಗಿಡಗಂಟಿಗಳನ್ನು ಕಡಿಯಬೇಕಿತ್ತು, ಹೂಳೆತ್ತಬೇಕಿತ್ತು, ಗದ್ದೆಗೆ ನೀರು ಬಿಡುವ ತೂಬನ್ನೂ ಹೆಚ್ಚುವರಿ ನೀರು ಹರಿದುಹೋಗುವ ಕೋಡಿಯನ್ನೂ ಸರಿಪಡಿಸಬೇಕಿತ್ತು. ಎಂದೂ ಮುಗಿಯದ ಈ ಕೆಲಸದ ವೆಚ್ಚವನ್ನು ದಾನಿಯು ಹೊರಬೇಕೇ, ತೆರಿಗೆ ಪಡೆಯುವ ಅರಸು ಹೊರಬೇಕೇ, ಅಥವಾ ನೀರನ್ನು ಹಂಚಿಕೊಳ್ಳುವ ಅಕ್ಕಪಕ್ಕದ ರೈತರು ಹೊರಬೇಕೇ ಎಂಬ ಪ್ರಶ್ನೆಗೆ ಕನ್ನಡನಾಡನ್ನು ಆಳಿದ ಪ್ರಭುತ್ವಗಳು ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟವು. ಔದಾರ್ಯ, ತೆರಿಗೆ ಮತ್ತು ನೆರೆಹೊರೆಯ ಕರ್ತವ್ಯಗಳನ್ನು ಆಳುವವರು ಹೇಗೆ ಕಂಡರು ಎಂಬುದನ್ನು ಈ ಉತ್ತರಗಳು ತೋರಿಸಿಕೊಡುತ್ತವೆ.

ಕೆರೆ ಕಟ್ಟಿಸುವುದು ಪುಣ್ಯಕಾರ್ಯವೆಂಬ ಭಾವನೆ ಬಹಳ ಹಳೆಯದು. ಕದಂಬ ಕಾಕುಸ್ಥವರ್ಮನು ಶಿವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಮಗನಂತೆಯೇ ಮನುಷ್ಯನ ಹೆಸರನ್ನು ಉಳಿಸುವ ಸಪ್ತಸಂತಾನಗಳಲ್ಲಿ ಕೆರೆಯೂ ಒಂದೆಂದು ಧರ್ಮಗ್ರಂಥಗಳೂ ಶಾಸನಗಳೂ ಎಣಿಸುತ್ತವೆ. ಆದರೆ ಈ ಪುಣ್ಯವು ಲೆಕ್ಕಾಚಾರವಿಲ್ಲದ ತ್ಯಾಗವಾಗಿರಲಿಲ್ಲ. ಗಂಗರ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಬಿತ್ತುವಟ್ಟ’ವೆಂಬುದು, ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದನ್ನು ನೋಡಿಕೊಳ್ಳುವವನಿಗೆ ಆ ಕೆರೆಯ ಅಚ್ಚುಕಟ್ಟಿನಲ್ಲಿ, ಎಂದರೆ ಅದರ ನೀರು ಹಾಯುವ ಗದ್ದೆಬಯಲಿನಲ್ಲಿ, ಬಿಟ್ಟುಕೊಟ್ಟ ಪಾಲು. ಇಂದು ಬೆಂಗಳೂರಿನೊಳಗೆ ಸೇರಿಹೋಗಿರುವ ಅಗರದ ಒಂಬತ್ತನೆಯ ಶತಮಾನದ ಶಾಸನವು, ಎರಡು ಕೆರೆಗಳಿಗೆ ತೂಬು ಇಡಿಸಿ ಮೂರನೆಯದೊಂದನ್ನು ಕಟ್ಟಿಸಿದ ವ್ಯಕ್ತಿಯು ಆ ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದನೆಂದು ದಾಖಲಿಸುತ್ತದೆ. ಮುಂದಿನ ಶತಮಾನಗಳಲ್ಲಿ ಕಾಣುವ ದಶವಂದ, ಕಟ್ಟುಕೊಡಗಿ ಮುಂತಾದ ಮಾನ್ಯಗಳು, ಎಂದರೆ ತೆರಿಗೆಯಿಂದ ಪೂರ್ಣವಾಗಿಯೋ ಭಾಗಶಃವಾಗಿಯೋ ಬಿಡುಗಡೆ ಪಡೆದ ಭೂಮಿಗಳು, ಇದೇ ತತ್ತ್ವವನ್ನು ಮುಂದುವರಿಸಿದವು.

ಈ ವ್ಯವಸ್ಥೆಯ ಜಾಣ್ಮೆಯಿದ್ದುದು ಅದು ದಾನವನ್ನೂ ತೆರಿಗೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಲ್ಲಿ. ಅರಸನು ಬೊಕ್ಕಸದಿಂದ ಹಣ ಕೊಡುವ ಬದಲು ಹೊಸದಾಗಿ ಹುಟ್ಟುವ ಆದಾಯದ ಒಂದು ಭಾಗವನ್ನು ಬಿಟ್ಟುಕೊಡುತ್ತಿದ್ದನು. ಕೆರೆ ತುಂಬಿದರೆ ಮಾತ್ರ ಮಾನ್ಯದ ಗದ್ದೆಯಲ್ಲಿ ಬೆಳೆ ಬರುತ್ತಿದ್ದುದರಿಂದ, ಕೆರೆಯನ್ನು ಸುಸ್ಥಿತಿಯಲ್ಲಿಡುವುದು ಅದನ್ನು ಅನುಭವಿಸುವವನ ಸ್ವಂತ ಹಿತವೂ ಆಗಿರುತ್ತಿತ್ತು. ಮಣ್ಣು ಹೊರುವ ಬಂಡಿಯನ್ನು ಸದಾ ನಡೆಸುವುದಕ್ಕಾಗಿಯೇ ಕೊಟ್ಟ ಭೂಮಿಯ ಉಲ್ಲೇಖಗಳೂ ಶಾಸನಗಳಲ್ಲಿವೆ. ದಾನ ಮಾಡುವುದಕ್ಕಿಂತ ಇನ್ನೊಬ್ಬರ ದಾನವನ್ನು ಕಾಪಾಡುವುದು ಹೆಚ್ಚಿನದೆಂಬ ಮಾತನ್ನೂ, ದತ್ತಿಯನ್ನು ಕೆಡಿಸಿದವರಿಗೆ ನರಕವೆಂಬ ಶಾಪವನ್ನೂ ಶಾಸನಗಳ ಕೊನೆಯಲ್ಲಿ ಬರೆಸುತ್ತಿದ್ದುದು, ಮುಂದೆ ಬರುವ ಅರಸನಾಗಲಿ ಗೌಡನಾಗಲಿ ಬಿಟ್ಟುಕೊಟ್ಟ ತೆರಿಗೆಯನ್ನು ಹಿಂದಕ್ಕೆ ಸೆಳೆದುಕೊಳ್ಳುವ ಭಯ ನಿಜವಾಗಿಯೇ ಇದ್ದುದರಿಂದ.

ಈ ಗಂಟಿನ ಮೂರನೆಯ ಎಳೆ ಊರಿನ ದುಡಿಮೆ. ತೂಬು ತೆಗೆದು ಮುಚ್ಚಿ ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವ ನೀರುಗಂಟಿಯು ಊರಿನ ಆಯಗಾರರಲ್ಲಿ ಒಬ್ಬನಾಗಿದ್ದು, ಅವನಿಗೆ ಸಲ್ಲಬೇಕಾದ ಆಯವನ್ನು, ಎಂದರೆ ಬೆಳೆಯಲ್ಲಿನ ಪಾಲನ್ನು, ಸುಗ್ಗಿಯಲ್ಲಿ ಕಣದಲ್ಲಿಯೇ ಅಳೆದುಕೊಡಲಾಗುತ್ತಿತ್ತು. ಹಲವು ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದಿತ್ತು. ನೀರಿನ ನ್ಯಾಯಯುತ ಹಂಚಿಕೆಯನ್ನು ನಂಬಿ ವಹಿಸಿದ ಊರೇ ಆ ಕುಟುಂಬಗಳನ್ನು ಊರಾಚೆ ಇರಿಸಿತ್ತು. ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ಬಿಟ್ಟಿಯೂ ಇದರ ಜೊತೆಗೇ ಇತ್ತು. ಆದ್ದರಿಂದ ಹಳೆಯ ಊರೊಟ್ಟನ್ನು ಸಮಾನರ ಸಹಕಾರವೆಂದು ಬಣ್ಣಿಸುವುದು ಸರಿಯಾಗದು. ಗೌಡನು ಕಟ್ಟಿಸಿದ ಕೆರೆಗೆ ನೀರು ಬರಲೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ‘ಕೆರೆಗೆ ಹಾರ’ದ ಕಥನಗೀತೆಯನ್ನು ಉಳಿಸಿಕೊಂಡು ಬಂದ ಜನಪದರಿಗೆ, ಎಲ್ಲರ ಒಳಿತಿನ ಭಾರ ಮನೆಯೊಳಗೂ ಊರೊಳಗೂ ಯಾರ ಹೆಗಲಿಗೆ ಬೀಳುತ್ತದೆಂಬುದು ಚೆನ್ನಾಗಿಯೇ ತಿಳಿದಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗಂಟು ಸಡಿಲಗೊಂಡಿತು. 1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಸೇರಿದ ಮೇಲೆ, ಬೆಳೆಯಲ್ಲಿ ಪಾಲು ಪಡೆಯುವ ಪದ್ಧತಿ ಕ್ರಮೇಣ ಹಿಂದೆ ಸರಿದು, 1863ರಲ್ಲಿ ಆರಂಭವಾದ ಭೂಮಾಪನದೊಂದಿಗೆ ಪ್ರತಿ ಹಿಡುವಳಿಗೂ ನಗದು ಕಂದಾಯ ನಿಗದಿಯಾಗತೊಡಗಿತು. ಬೆಳೆಯಲ್ಲಿ ಪಾಲುದಾರನಾಗಿದ್ದ ಪ್ರಭುತ್ವಕ್ಕೆ ಕೆರೆ ಒಡೆದರೆ ಆ ವರ್ಷವೇ ನಷ್ಟ ತಟ್ಟುತ್ತಿತ್ತು. ನಿಗದಿತ ನಗದು ಪಡೆಯುವ ಪ್ರಭುತ್ವಕ್ಕೆ ಆ ಪೆಟ್ಟು ತಡವಾಗಿ, ರಿಯಾಯಿತಿಯ ಅರ್ಜಿಗಳ ರೂಪದಲ್ಲಿ ಮುಟ್ಟುತ್ತಿತ್ತು. ಇನಾಮುಗಳ ಪರಿಶೀಲನೆಯಲ್ಲಿ ಕೆರೆಯ ಮಾನ್ಯಗಳು ಬೊಕ್ಕಸಕ್ಕೆ ತಪ್ಪಿಹೋದ ಆದಾಯವಾಗಿ ಕಾಣತೊಡಗಿದವು. ಇದರ ಜೊತೆಗೆ, 1860ರ ದಶಕದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿಯು ಗುರುತಿಸಿದಂತೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆನಿಸುವಷ್ಟು ದಟ್ಟವಾಗಿ ಈ ನಾಡಿನಲ್ಲಿ ಕೆರೆಗಳಿದ್ದವು. ಅಷ್ಟನ್ನೂ ಇಲಾಖೆಯ ಹಣದಿಂದಲೇ ದುರಸ್ತಿ ಮಾಡಿಸುವುದು ಸರ್ಕಾರಕ್ಕೆ ದುಬಾರಿಯೆನಿಸಿತು.

ಆಗ ಸರ್ಕಾರಗಳು ನೆರೆಹೊರೆಯ ಕರ್ತವ್ಯವನ್ನು ಮತ್ತೆ ನೆನಪಿಸಿಕೊಂಡವು. ಬಳ್ಳಾರಿಯನ್ನೂ ದಕ್ಷಿಣ ಕನ್ನಡವನ್ನೂ ಒಳಗೊಂಡಿದ್ದ ಮದರಾಸು ಪ್ರಾಂತದಲ್ಲಿ 1858ರ ಕಡ್ಡಾಯ ದುಡಿಮೆಯ ಕಾಯಿದೆಯು, ‘ಕುಡಿಮರಾಮತ್ತು’ ಎಂದರೆ ರೈತರೇ ಮಾಡಬೇಕಾದ ದುರಸ್ತಿಯನ್ನು, ಪುರಾತನ ಸಂಪ್ರದಾಯವೆಂದು ಭಾವಿಸಿ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಮೈಸೂರಿನಲ್ಲಿಯೂ ಸಣ್ಣ ಕೆರೆಗಳ ಮಣ್ಣುಕೆಲಸ ರೈತರದು, ಕಲ್ಲುಕಟ್ಟಡದ ಕೆಲಸ ಸರ್ಕಾರದ್ದು ಎಂಬ ವಿಭಜನೆ ಶತಮಾನದ ಕೊನೆಯ ವೇಳೆಗೆ ರೂಢಿಗೆ ಬಂದಿತು. 1911ರ ಕೆರೆ ಪಂಚಾಯಿತಿ ಕಾಯಿದೆಯು ಅದೇ ಹೊಣೆಯನ್ನು ಊರಿನ ಸಮಿತಿಗಳಿಗೆ ಒಪ್ಪಿಸಲು ಯತ್ನಿಸಿತು. ರೈತರ ಆಲಸ್ಯವೇ ಕೆರೆಗಳ ದುಃಸ್ಥಿತಿಗೆ ಕಾರಣವೆಂದು ಅಧಿಕಾರಿಗಳು ದೂರುತ್ತಿದ್ದರು. ಆದರೆ ತರಿಭೂಮಿಗೆ ಹೆಚ್ಚಿನ ದರದಲ್ಲಿ ಕಂದಾಯ ಕಟ್ಟಿದ ರೈತನು, ತಾನು ಕೆರೆಯ ನೀರಿಗೆ ಬೆಲೆ ತೆತ್ತಾಗಿದೆಯೆಂದೂ ದುರಸ್ತಿ ಆ ಹಣದಿಂದಲೇ ಆಗಬೇಕೆಂದೂ ತಿಳಿದಿದ್ದರೆ ಅದು ಅನ್ಯಾಯದ ತಿಳಿವಳಿಕೆಯಾಗಿರಲಿಲ್ಲ. ಹಿಂದೆ ದುಡಿಮೆಗೆ ಪ್ರತಿಯಾಗಿ ಪಾಲು ಸಿಗುತ್ತಿತ್ತು. ಈಗ ಪಾಲನ್ನು ಹಿಂತೆಗೆದುಕೊಂಡು ದುಡಿಮೆಯನ್ನಷ್ಟೇ ಸಂಪ್ರದಾಯದ ಹೆಸರಿನಲ್ಲಿ ಕೇಳಲಾಗುತ್ತಿತ್ತು.

ಸ್ವಾತಂತ್ರ್ಯಾನಂತರ ಗ್ರಾಮಾಧಿಕಾರದ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. ಬಿಟ್ಟಿಯ ದೃಷ್ಟಿಯಿಂದ ಅದು ಅಗತ್ಯವಾಗಿದ್ದ ಬಿಡುಗಡೆ. ಆದರೆ ನೀರುಗಂಟಿಯ ಕೆಲಸಕ್ಕೆ ಸಂಬಳದ ಸಮರ್ಪಕ ಏರ್ಪಾಡು ಬಹುತೇಕ ಊರುಗಳಲ್ಲಿ ಆಗಲಿಲ್ಲ, ಕೊಳವೆಬಾವಿ ಬಂದ ಮೇಲೆ ಅನುಕೂಲಸ್ಥರು ಕೆರೆಯ ಹಂಗಿನಿಂದಲೇ ಹೊರಬಂದರು. 2000ದ ನಂತರ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಕೆರೆ ಅಭಿವೃದ್ಧಿ ಯೋಜನೆಯು ಬಳಕೆದಾರರ ಸಂಘಗಳನ್ನು ಕಟ್ಟಿ, ಊರಿನವರಿಂದ ವಂತಿಗೆಯನ್ನೂ ಶ್ರಮವನ್ನೂ ಕೇಳಿದಾಗ, ಹಳೆಯ ಪ್ರಶ್ನೆಯೇ ಮರಳಿ ಎದುರಾಯಿತು.

ಈ ದೀರ್ಘ ಇತಿಹಾಸದಲ್ಲಿ ಔದಾರ್ಯವೂ ನೆರೆಹೊರೆಯ ಹೊಣೆಯೂ ತೆರಿಗೆಯ ರಾಜಕಾರಣದಿಂದ ಬೇರೆಯಾಗಿ ನಿಂತ ಕಾಲವಿಲ್ಲ. ಬೊಕ್ಕಸವು ತನ್ನ ಪಾಲಿನಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟ ಕಡೆ ದಾನಿಗಳೂ ದುಡಿಯುವ ಕೈಗಳೂ ಒದಗಿಬಂದರು. ಅದು ಪೂರ್ಣ ಕಂದಾಯವನ್ನು ಪಡೆದುಕೊಂಡು ಸದ್ಗುಣವನ್ನು ಉಪದೇಶಿಸಿದ ಕಡೆ ಕೆರೆಗಳಲ್ಲಿ ಹೂಳು ತುಂಬಿತು. ಪ್ರಭುತ್ವವೊಂದು ಯಾವುದನ್ನು ಪ್ರಜೆಗಳ ಸಹಜ ಕರ್ತವ್ಯವೆಂದು ಕರೆಯುತ್ತದೆಯೋ ಅದು ಎಷ್ಟೋ ವೇಳೆ ತಾನು ವೆಚ್ಚ ಮಾಡಲು ಒಪ್ಪದ ಕೆಲಸವೇ ಆಗಿರುತ್ತದೆಂಬುದನ್ನು ಈ ಕೆರೆಗಳ ಚರಿತ್ರೆ ಸ್ಪಷ್ಟಪಡಿಸುತ್ತದೆ.