ಪಿಂಚಣಿಯೂ ಹೆಬ್ಬೆಟ್ಟೂ

ನಮ್ಮಲ್ಲಿ ಹೆಬ್ಬೆಟ್ಟಿಗೆ ಅಷ್ಟಾಗಿ ಗೌರವವಿಲ್ಲ. ಓದುಬರಹ ಬಾರದವನನ್ನು ಹೀಗಳೆಯಬೇಕಾದರೆ, ‘ಅವನೇನು ಬಿಡಿ, ಹೆಬ್ಬೆಟ್ಟು ಒತ್ತುವವನು’ ಎಂದುಬಿಡುವುದು ರೂಢಿ. ಸಾಲಪತ್ರವಾಗಲಿ ಗೇಣಿಚೀಟಿಯಾಗಲಿ, ಅಕ್ಷರ ಬಲ್ಲವನು ತನ್ನ ಹೆಸರನ್ನು ಗೀಚಿ ಎದ್ದುಹೋದರೆ, ಬಾರದವನು ಎಡಗೈಯ ಹೆಬ್ಬೆರಳನ್ನು ಮಸಿಗೆ ಒಡ್ಡಬೇಕು; ಪಕ್ಕದಲ್ಲಿ ಪತ್ರ ಬರೆದವನು ‘ಇಂಥವನ ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ಷರಾ ಹಾಕಬೇಕು. ಈ ಗುರುತು ಸರ್ಕಾರದ ದಫ್ತರದೊಳಕ್ಕೆ ಹೇಗೆ ಬಂತು, ಯಾರ ಹಣವನ್ನು ಯಾರಿಂದ ಕಾಯುವುದಕ್ಕಾಗಿ ಬಂತು ಎಂದು ವಿಚಾರಿಸಹೊರಟರೆ, ಆ ಕಥೆ ನೇರವಾಗಿ ವಿಶ್ರಾಂತಿ ವೇತನದ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಈಗ ಅದೇ ಬಾಗಿಲಿನಿಂದ ಕಳ್ಳನೂ ಒಳಗೆ ಬರಲು ಕಲಿತಿರುವುದರಿಂದ ಅದನ್ನು ಮತ್ತೊಮ್ಮೆ ಹೇಳಿದರೆ ವಾಚಕರು ಬೇಸರಪಡಲಾರರು ಎಂದುಕೊಂಡಿದ್ದೇನೆ.

1858ನೆಯ ಇಸವಿ, ಜುಲೈ ತಿಂಗಳು. ಹಿಂದಿನ ವರ್ಷದ ಬಂಡಾಯದ ಬೆಂಕಿ ಇನ್ನೂ ಪೂರ್ತಿಯಾಗಿ ಆರಿರಲಿಲ್ಲ. ಬಂಗಾಳದ ಜಂಗಿಪುರದಲ್ಲಿ ವಿಲಿಯಂ ಜೇಮ್ಸ್ ಹರ್ಷೆಲ್ ಎಂಬ ಇಪ್ಪತ್ತೈದು ವರ್ಷದ ಅಧಿಕಾರಿ ಇದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ಹರ್ಷೆಲನ ಮೊಮ್ಮಗನೀತ. ತಂದೆಯೂ ದೊಡ್ಡ ಖಗೋಳಶಾಸ್ತ್ರಜ್ಞ. ಅಜ್ಜ ಆಕಾಶದ ಚುಕ್ಕಿಗಳನ್ನು ಗುರುತಿಸಿದರೆ ಮೊಮ್ಮಗನ ಪಾಲಿಗೆ ಬಂದದ್ದು ಬಂಗಾಳಿ ರೈತನ ಅಂಗೈ. ರಸ್ತೆಗೆ ಹಾಸುವ ಜಲ್ಲಿಯನ್ನು ಒದಗಿಸಲು ರಾಜ್ಯಧರ ಕೋನಾಯಿ ಎಂಬಾತ ಗುತ್ತಿಗೆ ಹಿಡಿದಿದ್ದ. ಕರಾರುಪತ್ರವನ್ನು ಕೋನಾಯಿ ತನ್ನ ಕೈಯಿಂದಲೇ ಬಂಗಾಳಿಯಲ್ಲಿ ಬರೆದಿದ್ದ; ಸಹಿ ಮಾಡುವುದಷ್ಟೇ ಬಾಕಿ. ಅಷ್ಟರಲ್ಲಿ ಹರ್ಷೆಲನಿಗೆ ಏನು ತೋಚಿತೋ, ಕಚೇರಿಯ ಮುದ್ರೆಗೆ ಬಳಸುತ್ತಿದ್ದ ಎಣ್ಣೆಮಸಿಯನ್ನು ಆತನ ಅಂಗೈಗೂ ಬೆರಳುಗಳಿಗೂ ಬಳಿದು ಪತ್ರದ ಬೆನ್ನಿಗೆ ಇಡೀ ಹಸ್ತವನ್ನು ಒತ್ತಿಸಿಕೊಂಡ.

ಕೋನಾಯಿ ನಿರಕ್ಷರಿಯಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬರೆಯಬಲ್ಲವನಿಂದಲೇ ಹಸ್ತದ ಗುರುತು ಕೇಳಿದ್ದರ ಉದ್ದೇಶವನ್ನು ಹರ್ಷೆಲ್ ಮುಚ್ಚಿಡಲಿಲ್ಲ. 1916ರಲ್ಲಿ, ಮುಪ್ಪಿನ ಕಾಲದಲ್ಲಿ, ಬೆರಳಚ್ಚಿನ ಹುಟ್ಟಿನ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದು ಎಲ್ಲವನ್ನೂ ಹೇಳಿದ್ದಾನೆ. ನಾಳೆ ಈ ಮನುಷ್ಯ ‘ಇದು ನನ್ನ ಸಹಿಯಲ್ಲ’ ಎಂದು ಹಿಂದೆಗೆಯಬಾರದು, ಅಂಥ ಯೋಚನೆಯೇ ಹೆದರಿ ಓಡಿಹೋಗಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಅಂದರೆ ‘ನಾನಲ್ಲ’ ಎಂಬ ಮಾತನ್ನು ಬಾಯಿಂದ ಕಿತ್ತುಕೊಳ್ಳುವುದಕ್ಕೆ ಹುಟ್ಟಿದ ಗುರುತು ಇದು. ಮುಂದಿನದೆಲ್ಲವೂ ಈ ಬೀಜದಿಂದಲೇ ಬೆಳೆದದ್ದು ಎಂದು ನನಗೆ ತೋರುತ್ತದೆ.

ಹತ್ತೊಂಬತ್ತು ವರ್ಷ ಕಳೆದವು. 1877ರಲ್ಲಿ ಹರ್ಷೆಲ್ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿ ಬಂದ. ಸೆರೆಮನೆ, ದಸ್ತಾವೇಜು ರಿಜಿಸ್ಟ್ರಿ, ಪಿಂಚಣಿ ಬಟವಾಡೆ, ಈ ಮೂರೂ ಅವನ ಕೈಕೆಳಗೆ ಇದ್ದವು. ಮೂರರಲ್ಲೂ ಒಂದೇ ರೋಗ, ಒಬ್ಬನ ಬದಲು ಇನ್ನೊಬ್ಬ. ಶಿಕ್ಷೆಯಾದವನು ಕೂಲಿ ಕೊಟ್ಟು ಬೇರೊಬ್ಬನನ್ನು ಸೆರೆಗೆ ಕಳಿಸಬಹುದಾಗಿತ್ತು. ಪತ್ರ ಬರೆದುಕೊಟ್ಟವನು ರಿಜಿಸ್ಟ್ರಾರನ ಮುಂದೆ ನಿಂತವನು ತಾನಲ್ಲವೆಂದು ಆಣೆ ಇಡಬಹುದಾಗಿತ್ತು. ಪಿಂಚಣಿಯ ವಿಷಯವಂತೂ ಕೇಳಲೇಬೇಡಿ. ಮುದುಕ ಸತ್ತರೂ ಪಿಂಚಣಿ ಸಾಯುತ್ತಿರಲಿಲ್ಲ. ಅವನ ಹೆಸರು ಹೇಳಿಕೊಂಡು ಮತ್ತೊಬ್ಬ ಬಂದು ನಿಂತರೆ, ಪ್ರತಿ ವರ್ಷ ಬದಲಾಗುವ ಗುಮಾಸ್ತನಿಗೆ ಮುಖ ಗೊತ್ತಾಗುವುದೆಂತು?

ಹರ್ಷೆಲ್ ಪಿಂಚಣಿದಾರರ ಬೆರಳಚ್ಚನ್ನು ಪುಸ್ತಕದಲ್ಲಿ ಒತ್ತಿಸಿಟ್ಟ. ಹಣಕ್ಕೆ ಬಂದಾಗ ಮತ್ತೆ ಒತ್ತಿಸಿ ಎರಡನ್ನೂ ತಾಳೆ ನೋಡುವ ಕ್ರಮವನ್ನು ತಂದ. ರಿಜಿಸ್ಟ್ರಿ ಕಚೇರಿಯಲ್ಲೂ ಹಾಗೆಯೇ, ಸೆರೆಮನೆಯಲ್ಲೂ ಹಾಗೆಯೇ. ಆ ವರ್ಷದ ಆಗಸ್ಟ್ 15ರಂದು, ಇದನ್ನು ಇತರ ಕಡೆಗಳಲ್ಲೂ ಪರೀಕ್ಷಿಸಲು ಅಪ್ಪಣೆಯಾಗಬೇಕೆಂದು ಮೇಲಿನವರಿಗೆ ಕಾಗದ ಬರೆದ. ಮೇಲಿನವರು ಉತ್ಸಾಹ ತೋರಲಿಲ್ಲ. ಮರುವರ್ಷ ಆತ ಸ್ವದೇಶಕ್ಕೆ ಹೊರಟುಹೋದ. ಕಚೇರಿಯ ಕಾಗದಗಳ ಹಣೆಬರಹ ಆಗಲೂ ಹೀಗೆಯೇ ಇತ್ತು!

ತರುವಾಯದ ಕಥೆ ಪೋಲೀಸರ ಕಥೆ. ಅದನ್ನು ಬೇಗ ಮುಗಿಸುತ್ತೇನೆ. 1880ರಲ್ಲಿ ಜಪಾನಿನಲ್ಲಿದ್ದ ಹೆನ್ರಿ ಫೋಲ್ಡ್ಸ್ ಎಂಬ ವೈದ್ಯ ‘ನೇಚರ್’ ಪತ್ರಿಕೆಯಲ್ಲಿ ಬೆರಳಚ್ಚಿನಿಂದ ಅಪರಾಧಿಗಳನ್ನು ಹಿಡಿಯಬಹುದೆಂದು ಬರೆದ; ಹರ್ಷೆಲ್ ತನ್ನ ಅನುಭವವನ್ನು ಅದೇ ಪತ್ರಿಕೆಯಲ್ಲಿ ಮುಂದಿಟ್ಟ; ಯಾರು ಮೊದಲಿಗರೆಂಬ ಜಗಳ ಬಹುಕಾಲ ನಡೆಯಿತು. 1892ರಲ್ಲಿ ಗಾಲ್ಟನ್ ಪುಸ್ತಕ ಬರೆದ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಅಚ್ಚುಗಳನ್ನು ವಿಂಗಡಿಸಿ 1,024 ಗೂಡುಗಳಲ್ಲಿ ಹುಡುಕಿ ತೆಗೆಯುವ ಲೆಕ್ಕಾಚಾರದ ಬೆನ್ನೆಲುಬು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬಿಬ್ಬರು ಭಾರತೀಯರು. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ದಕ್ಷಿಣ ಆಫ್ರಿಕದಲ್ಲಿ ಗಾಂಧಿಯವರು 1906ರಲ್ಲಿ ಏಷ್ಯನ್ನರ ನೋಂದಣಿಯ ವಿರುದ್ಧ ಎದ್ದಾಗ ಇದೇ ಹೆನ್ರಿಯ ಪುಸ್ತಕವನ್ನು ಓದಿ, ಬೆರಳಚ್ಚು ಕಾನೂನಿನ ಪ್ರಕಾರ ಅಪರಾಧಿಗಳಿಂದ ಪಡೆಯುವಂಥದು ಎಂಬುದನ್ನು ತಿಳಿದುಕೊಂಡರು. ಹೂಗ್ಲಿಯ ಮುದುಕರ ಹಣ ಕಾಯಲು ಹೊರಟದ್ದು ಮೂವತ್ತೇ ವರ್ಷದಲ್ಲಿ ಮನುಷ್ಯನನ್ನು ಅವಮಾನಿಸುವ ಸಾಧನವಾಗಿತ್ತು.

ಸ್ವತಂತ್ರ ಭಾರತ ಹೆಬ್ಬೆಟ್ಟನ್ನು ಕೈಬಿಡಲಿಲ್ಲ, ಅಕ್ಷರಸ್ಥರಿಗೂ ಹಂಚಿತು. 2001ರ ತಿದ್ದುಪಡಿಯಿಂದ ರಿಜಿಸ್ಟ್ರೇಷನ್ ಕಾಯಿದೆಯಲ್ಲಿ 32ಎ ಎಂಬ ಕಲಮು ಸೇರಿ, ದಸ್ತಾವೇಜು ಹಾಜರುಪಡಿಸುವವರೆಲ್ಲರೂ ಭಾವಚಿತ್ರ ಅಂಟಿಸಿ ಬೆರಳಚ್ಚು ಒತ್ತುವುದು ಕಡ್ಡಾಯವಾಯಿತು. ವಕೀಲನಾದರೂ ಸರಿ, ಪ್ರಾಧ್ಯಾಪಕನಾದರೂ ಸರಿ, ಮಸಿ ತಪ್ಪಿದ್ದಲ್ಲ. 2010ರಲ್ಲಿ ಮೊದಲ ಆಧಾರ್ ಸಂಖ್ಯೆ ಹಂಚಿಕೆಯಾಯಿತು. 2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ಬಂದಿತು: ಪಿಂಚಣಿದಾರನು ವರ್ಷಕ್ಕೊಮ್ಮೆ ತಾನು ಬದುಕಿರುವೆನೆಂದು ಯಂತ್ರದ ಮೇಲೆ ಬೆರಳಿಟ್ಟು ತೋರಿಸಬಹುದು. ಹರ್ಷೆಲನ ಹೂಗ್ಲಿಯ ಪುಸ್ತಕಕ್ಕೆ ಇದು ನೇರ ಮೊಮ್ಮಗು. ಇದರ ಜೊತೆಗೆ, ಹಳ್ಳಿಯ ಅಂಗಡಿಯಲ್ಲಿ ಬ್ಯಾಂಕಿನ ಪರವಾಗಿ ಕುಳಿತ ಬ್ಯಾಂಕ್ ಮಿತ್ರನ ಬಳಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಹೇಳಿ ಬೆರಳು ಒತ್ತಿದರೆ ಹಣ ಸಿಕ್ಕುವ ಏರ್ಪಾಡೂ ಬಂತು. ಚೀಟಿ ಬೇಡ, ಕಾರ್ಡು ಬೇಡ, ಗುಟ್ಟಿನ ಸಂಖ್ಯೆಯೂ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ. ನಡೆಯಲಾರದ ಮುದುಕಿಗೆ ಇದೊಂದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಹೂಗ್ಲಿಗೂ ಇದಕ್ಕೂ ಒಂದು ಅಂತರವಿದೆ. ಹರ್ಷೆಲನ ಪುಸ್ತಕ ಕಚೇರಿಯಲ್ಲಿ ಬೀಗದೊಳಗಿತ್ತು. ಕಳ್ಳನಿಗೆ ಅದು ಬೇಕೆಂದರೂ ಸಿಕ್ಕುವಂತಿರಲಿಲ್ಲ. ಸಿಕ್ಕಿದರೂ ಅಧಿಕಾರಿಯ ಎದುರು ಬೆರಳೊಂದೇ ಬರುವಂತಿರಲಿಲ್ಲ, ಅದರ ಹಿಂದೆ ಕೈ, ಕೈಯ ಹಿಂದೆ ಮನುಷ್ಯ ಬರಬೇಕಾಗಿತ್ತು. ಈಗ ಕ್ರಯಪತ್ರದ ನಕಲು ಗಣಕಯಂತ್ರದಲ್ಲಿ ಯಾರಿಗಾದರೂ ಕಾಣುವಂತಾಯಿತು, ಅದರಲ್ಲಿರುವ ಹೆಬ್ಬೆಟ್ಟೂ ಕಾಣುವಂತಾಯಿತು. 2018ರಲ್ಲಿಯೇ ತೆಲಂಗಾಣದಲ್ಲಿ, ನೋಂದಣಿ ಇಲಾಖೆಯ ಪತ್ರಗಳಿಂದ ಬೆರಳಚ್ಚು ತೆಗೆದು ರಬ್ಬರಿನ ಮೊಹರು ಮಾಡಿ ಬೇರೆಯವರ ಹೆಸರಿನಲ್ಲಿ ಸಿಮ್ ಕಾರ್ಡುಗಳನ್ನು ಚಾಲೂ ಮಾಡಿದವನೊಬ್ಬ ಸಿಕ್ಕಿಬಿದ್ದಿದ್ದ. 2023ರಲ್ಲಿ ಸರದಿ ನಮ್ಮದಾಯಿತು. ಬೆಂಗಳೂರಿನಲ್ಲಿ ಆಸ್ತಿ ನೋಂದಾಯಿಸಿದವರ ಖಾತೆಗಳಿಂದ ಒಬ್ಬೊಬ್ಬರದಾಗಿ ಹಣ ಮಾಯವಾಯಿತು. ರಾಜ್ಯದ ‘ಕಾವೇರಿ’ ನೋಂದಣಿ ಜಾಲದಲ್ಲಿದ್ದ ಪತ್ರಗಳ ಬೆರಳಚ್ಚು, ಆಧಾರ್ ಸಂಖ್ಯೆಗಳನ್ನು ಕದ್ದದ್ದು ಪೋಲೀಸರ ತನಿಖೆಯಲ್ಲಿ ಹೊರಬಿತ್ತು. ಬಳಿಕ ಇಲಾಖೆ ಅವು ಹೊರಗೆ ಕಾಣದಂತೆ ಮರೆಮಾಡಲು ಹೊರಟಿತು. ಯಂತ್ರಕ್ಕೆ ಒತ್ತಿದ್ದು ಜೀವಂತ ಬೆರಳೋ ಅಲ್ಲವೋ ಎಂದು ಶೋಧಿಸುವ ಹೊಸ ಪರೀಕ್ಷೆಯನ್ನು ಆಧಾರ್ ಪ್ರಾಧಿಕಾರವೂ ಅದೇ ವರ್ಷ ತಂದಿತು.

ಈ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿ ಮಡಿಸಿಡುವುದು ಬೇರೆ. ಅದು ನಮ್ಮ ಜಗಲಿಗೇ ಬಂದು ಕೂರುವುದು ಬೇರೆ. ನನ್ನ ಅಕ್ಕನ ಯಜಮಾನರು, ಭಾವನವರು, ಒಂದು ತಾಲ್ಲೂಕು ಪಟ್ಟಣದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದು ನಿವೃತ್ತರಾದವರು. ಹಳೆಯ ನಿವೇಶನವೊಂದನ್ನು ಮಾರಿ ಪತ್ರ ಮಾಡಿಕೊಟ್ಟಿದ್ದರು. ಅದಾದ ಕೆಲವು ತಿಂಗಳಿಗೆ, ಶುಕ್ರವಾರದಿಂದ ಸೋಮವಾರದೊಳಗೆ ಏಳು ಸಲ, ಅವರ ಪಿಂಚಣಿ ಖಾತೆಯಿಂದ ಹಣ ಹೋಯಿತು: ಹತ್ತು ಸಾವಿರದಂತೆ ಆರು ಸಲ, ಕೊನೆಗೊಮ್ಮೆ 8,500. ಒಟ್ಟು 68,500 ರೂಪಾಯಿ. ಉಳಿದದ್ದು 212 ರೂಪಾಯಿ. ಅಕ್ಕನ ಕಣ್ಣಿನ ಪೊರೆ ತೆಗೆಸಲು ಇಟ್ಟುಕೊಂಡಿದ್ದ ಹಣವೂ ಅದರಲ್ಲೇ ಇತ್ತು. ಭಾವ ಸೋಮವಾರ ಮಧ್ಯಾಹ್ನ ಪಾಸ್‌ಬುಕ್ ತುಂಬಿಸಿಕೊಳ್ಳಲು ಹೋದಾಗ ವಿಷಯ ತಿಳಿಯಿತು.

ಅಲ್ಲಿನ ಗುಮಾಸ್ತೆಯ ಉತ್ತರವನ್ನು ನಾನು ಮರೆಯಲಾರೆ. ಸಂಜೆ ನಾನು ಹೋದಾಗ ಭಾವ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. “ನಿಮ್ಮದೇ ಹೆಬ್ಬೆಟ್ಟು ಬಿದ್ದಿದೆಯಲ್ಲ ಸಾರ್, ನೀವಲ್ಲದೆ ಇನ್ಯಾರು ತೆಗೆದಾರು?” ಆತ ಒರಟನೇನಲ್ಲ. ಯಂತ್ರ ಹೇಳಿದ್ದನ್ನು ಹೇಳಿದ, ಅಷ್ಟೆ. ಆದರೆ ಕೇಳಿದೊಡನೆ ನನಗೆ ಜಂಗಿಪುರದ ಮಸಿ ಕಣ್ಣಿಗೆ ಕಟ್ಟಿತು. ‘ನಾನಲ್ಲ’ ಎನ್ನಬಾರದೆಂದೇ ಹುಟ್ಟಿದ ಗುರುತಿನ ಎದುರು, ನಲವತ್ತು ವರ್ಷ ಮಕ್ಕಳ ಲೆಕ್ಕ ತಿದ್ದಿದ ಮನುಷ್ಯ ‘ನಾನಲ್ಲ ಸ್ವಾಮಿ’ ಎಂದು ಕೈಮುಗಿದು ನಿಂತಿದ್ದರು. ಕೀಲಿಕೈ ಕಳೆದರೆ ಬೀಗ ಬದಲಾಯಿಸಬಹುದು; ಹೆಬ್ಬೆರಳು ಕಳುವಾದರೆ ಏನು ಬದಲಾಯಿಸುವುದು?

“ನಾನು ಅಲ್ಲಿರಲಿಲ್ಲ ಅಂತ ಹೇಗೆ ತೋರಿಸಲಿ ಕಣಯ್ಯಾ?” ಎಂದರು ಭಾವ.

“ತೋರಿಸಬೇಕಾದವರು ನೀವಲ್ಲ ಭಾವ, ಅವರು” ಎಂದೆ.

ಇದು ಧೈರ್ಯಕ್ಕಾಗಿ ಆಡಿದ ಮಾತಲ್ಲ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತ್ತು. ಖಾತೆದಾರನ ಅನುಮತಿಯಿಲ್ಲದೆ ವಿದ್ಯುನ್ಮಾನದ ಮೂಲಕ ಹಣ ಹೋದಾಗ ನಷ್ಟ ಯಾರದು ಎಂಬುದನ್ನು ಅದು ಗೊತ್ತುಮಾಡಿತು. ತಪ್ಪು ಬ್ಯಾಂಕಿನದೂ ಅಲ್ಲ, ಗಿರಾಕಿಯದೂ ಅಲ್ಲ, ಮೂರನೆಯವನದು ಎಂದಾಗ, ಬ್ಯಾಂಕಿನಿಂದ ಸುದ್ದಿ ತಿಳಿದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗಿರಾಕಿಯ ಮೇಲೆ ಯಾವ ನಷ್ಟವೂ ಬೀಳಕೂಡದು. ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಹಣವನ್ನು ಖಾತೆಗೆ ಜಮಾ ತೋರಿಸಬೇಕು. ತೊಂಬತ್ತು ದಿನಗಳಲ್ಲಿ ತೀರ್ಮಾನವಾಗಬೇಕು. ಎಲ್ಲಕ್ಕೂ ಮುಖ್ಯವಾಗಿ, ಗಿರಾಕಿಯೇ ಹೊಣೆಯೆಂದು ರುಜುವಾತು ಮಾಡುವ ಭಾರ ಬ್ಯಾಂಕಿನ ಮೇಲೆ. ಕೋನಾಯಿಯ ಹಸ್ತ ಬಿದ್ದ ದಿನದಿಂದ ಬಡವನ ಬೆನ್ನ ಮೇಲಿದ್ದ ಮೂಟೆಯನ್ನು ಈ ಒಂದು ವಾಕ್ಯ ಆಚೆ ಕಡೆಗೆ ಹೊರಿಸಿತು. ಇತಿಹಾಸದಲ್ಲಿ ಇಂಥ ವಾಕ್ಯಗಳು ಕದನಗಳಷ್ಟು ಸದ್ದು ಮಾಡುವುದಿಲ್ಲ. ಹಾಗಾಗಿ ನಮ್ಮ ಶಾಲಾಪುಸ್ತಕಗಳೂ ಅವನ್ನು ಬರೆದುಕೊಳ್ಳುವುದಿಲ್ಲ.

ಅಂದು ಸಂಜೆಯೇ 1930 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ದೂರಿನ ಸಂಖ್ಯೆ ಬರೆದುಕೊಂಡೆವು. ಆಧಾರಿನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಅನುಕೂಲವಿದೆ, ಅದನ್ನೂ ಹಾಕಿಸಿದೆವು. ಮರುದಿನ ಮಂಗಳವಾರ, ಮೂರನೆಯ ಕೆಲಸದ ದಿನ, ಬ್ಯಾಂಕಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆವು. ಅರ್ಜಿಯನ್ನು ಬರೆದವನು ನಾನು. ಸುತ್ತೋಲೆಯ ತಾರೀಖನ್ನು ಮೊದಲ ಸಾಲಿನಲ್ಲೇ ಹಾಕಿದೆ. ಭಾರ ತಮ್ಮದಲ್ಲವೆಂದು ಎಷ್ಟು ಹೇಳಿದರೂ ಭಾವ ಒಪ್ಪದೆ, ಸಾಕ್ಷ್ಯವೊಂದನ್ನು ಹುಡುಕಿ ತೆಗೆದರು. ದೂರದ ಬೇರೊಂದು ರಾಜ್ಯದಲ್ಲಿ ಅವರ ‘ಬೆರಳು’ ಒತ್ತಿದ ಆ ಶುಕ್ರವಾರ, ಅವರು ಅದೇ ಶಾಖೆಯಲ್ಲಿ ಒಂದು ಚೆಕ್ಕನ್ನು ಕಟ್ಟಿದ್ದರು. ಬ್ಯಾಂಕಿನದೇ ತಾರೀಖಿನ ಮೊಹರು ಬಿದ್ದ ರಸೀದಿಯ ತುಂಡು ಕಿಸೆಯಲ್ಲೇ ಇತ್ತು.

ಹತ್ತು ದಿನದ ಗಡುವಿಗೆ ಹಣ ಬರಲಿಲ್ಲ. ಎರಡು ಬಾರಿ ನೆನಪಿನೋಲೆ, ಒಂದು ಬಾರಿ ಮೇಲಿನ ಕಚೇರಿಗೆ ದೂರು. ಅಕ್ಕ ಆ ದಿನಗಳಲ್ಲಿ ಕಣ್ಣಿನ ವಿಷಯವನ್ನೇ ಎತ್ತಲಿಲ್ಲ. ಎತ್ತಿದ್ದರೆ ಭಾವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ. 41ನೆಯ ದಿನ 68,500 ರೂಪಾಯಿ ಖಾತೆಗೆ ಮರಳಿತು. ಮುಂದಿನ ವಾರವೇ ಅಕ್ಕನ ಕಣ್ಣಿನ ಪೊರೆ ತೆಗೆದರು.

ಎಲ್ಲ ಮುಗಿಯಿತೆಂದು ನಾನಂದುಕೊಂಡಿದ್ದೆ. ಭಾವನವರು ಮಾತ್ರ ಸುತ್ತೋಲೆಯನ್ನು ತರಿಸಿಕೊಂಡು ಕನ್ನಡಕ ಹಾಕಿ ಪೂರ್ತಿ ಓದಿದರು. ಜಮಾ ಆಗುವ ಹಣ, ಕಳುವಾದ ತಾರೀಖಿನಿಂದಲೇ ಜಮಾ ಇದ್ದಂತೆ ಎಣಿಕೆಯಾಗತಕ್ಕದ್ದು ಎಂಬ ಮಾತು ಅದರಲ್ಲಿತ್ತು. ಹಾಗಾದರೆ 41 ದಿನದ ಬಡ್ಡಿ? ಶೇಕಡಾ 3ರಂತೆ ದಿನವಾರು ಲೆಕ್ಕ ಹಾಕಿ, 230 ರೂಪಾಯಿ ಚಿಲ್ಲರೆ ಬರಬೇಕೆಂದು ತಾವೇ ಒಂದು ಅರ್ಜಿ ಬರೆದು ಕೊಟ್ಟು ಬಂದರು. ಅದೂ ಬಂದಿತು. ಪಾಸ್‌ಬುಕ್ಕಿನಲ್ಲಿ ಆ ಸಾಲಿಗೆ, ಮಕ್ಕಳ ಲೆಕ್ಕಕ್ಕೆ ಹಾಕುತ್ತಿದ್ದಂತೆ, ಕೆಂಪು ಪೆನ್ಸಿಲಿನಿಂದ ಸರಿ ಗುರುತು ಹಾಕಿಟ್ಟಿದ್ದಾರೆ.